ಅಂಜೂರದ ತೋಟದ ಕಾವಲು ಸಮಿತಿ

ಆ ಮನುಷ್ಯ ಇವತ್ತೂ ಬಂದಿದ್ದ.

ಬೇಲಿಯ ಈಚೆ ಬಗ್ಗಿ ನಿಂತು ಹೆಡ್‌ಮಾಸ್ಟರು ಅವನನ್ನೇ ನೋಡುತ್ತಿದ್ದರು. ಹೆಗಲಿಗೆ ಚೀಲ, ಕೈಯಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು. ಒಂದೊಂದೇ ಅಂಜೂರದ ಮರದ ಸುತ್ತಳತೆ ತೆಗೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಆಮೇಲೆ ಬ್ರಷ್ಷು ಅದ್ದಿ ಕಾಂಡದ ಮೇಲೆ ಕೆಂಪು ನಂಬರು ಹಾಕುತ್ತಿದ್ದ.

"ಕಡಿಯೋ ಮುಂಚೆ ಎಣಿಸ್ತಿದಾನೆ," ಎಂದು ಹೆಡ್‌ಮಾಸ್ಟರು ಪಕ್ಕದಲ್ಲಿದ್ದ ಟೈಲರ್ ಕಿವಿಯಲ್ಲಿ ಹೇಳಿದರು.

ನಿವೃತ್ತರಾಗಿ ಆರು ವರ್ಷವಾಗಿದ್ದರೂ ಊರಿಗೆಲ್ಲ ಅವರು ಹೆಡ್‌ಮಾಸ್ಟರೇ. ಶಾಲೆಯಲ್ಲಿದ್ದ ಅಷ್ಟೂ ವರ್ಷ ಅವರೆದುರು ಯಾರೂ ಒಂದು ವಾಕ್ಯವನ್ನು ಪೂರ್ತಿ ಮಾಡಿದ್ದಿಲ್ಲ. ಪಿಂಚಣಿ ಬಂದ ಮೇಲೂ ಆ ಅಭ್ಯಾಸ ಬಿಟ್ಟಿರಲಿಲ್ಲ.

ತೋಟ ನೂರೈವತ್ತು ವರ್ಷದ್ದು. ಇನ್ನೂರಕ್ಕೂ ಹೆಚ್ಚು ಮರ, ಒಂದು ಕಲ್ಲಿನ ಉಗ್ರಾಣ, ಹಣ್ಣು ಒಣಗಿಸುವ ಉದ್ದನೆಯ ಹೆಂಚಿನ ಮನೆ. ಮಾಲೀಕರು ಎಲ್ಲವನ್ನೂ ಬಿಲ್ಡರ್‌ಗೆ ಮಾರಲು ತುದಿಗಾಲಲ್ಲಿ ನಿಂತಿದ್ದರು. ಅಲ್ಲಿ ಎಂಟು ಮಹಡಿಯ ನಾಲ್ಕು ಕಟ್ಟಡ ಎಬ್ಬಿಸಿ ಅದಕ್ಕೆ 'ಅಂಜೂರ ವನ' ಎಂದು ಬೋರ್ಡು ಹಾಕುವುದು ಬಿಲ್ಡರ್‌ನ ಯೋಜನೆ. ಮರ ಹೋದರೂ ಹೆಸರಾದರೂ ಉಳಿಯಲಿ ಎಂಬ ದೊಡ್ಡ ಮನಸ್ಸು.

ಸಂರಕ್ಷಿತ ಸ್ಥಳಗಳ ಪಟ್ಟಿಗೆ ಸೇರಿದರೆ ಮಾತ್ರ ತೋಟ ಉಳಿಯುತ್ತಿತ್ತು. ಅದಕ್ಕಾಗಿ ಹೆಡ್‌ಮಾಸ್ಟರು ಇಲಾಖೆಗೆ ಹನ್ನೊಂದು ಅರ್ಜಿ ಬರೆದಿದ್ದರು, ಒಂದಕ್ಕಿಂತ ಒಂದು ಉದ್ದ. ಒಂದಕ್ಕೂ ಉತ್ತರವಿಲ್ಲ. ಇಲಾಖೆಯನ್ನು ನಂಬಿ ಕೂತರೆ ಆಗುವುದಿಲ್ಲವೆಂದು ಸಮಿತಿ ಕಟ್ಟಿದರು. ಅಧ್ಯಕ್ಷರು ಅವರೇ. ಟೈಲರ್‌ನನ್ನು ಕಾರ್ಯದರ್ಶಿ ಮಾಡಿದ್ದು ಅವನ ವಿವೇಕ ನೋಡಿ ಅಲ್ಲ, ಬ್ಯಾನರು ಹೊಲಿಯುತ್ತಾನೆಂದು.

ಹೆಡ್‌ಮಾಸ್ಟರ ಹೆಂಡತಿ ಸಮಿತಿಯಲ್ಲಿರಲಿಲ್ಲ. ಆಕೆ ಹುಟ್ಟಿದ್ದೇ ಆ ತೋಟದ ಆಳುಮನೆಯಲ್ಲಿ. ಬಿದಿರಿನ ತಟ್ಟಿಯ ಮೇಲೆ ಹಣ್ಣು ಹರವುತ್ತಿದ್ದ ತಾಯಿಯ ಸೆರಗು ಹಿಡಿದು ನಡೆಯಲು ಕಲಿತವಳು. ಈಗಲೂ ದಿನಾ ಸಂಜೆ ಹೋಗಿ ಒಣಗಿಸುವ ಮನೆಯ ಮೆಟ್ಟಿಲ ಮೇಲೆ ಒಂದಿಷ್ಟು ಹೊತ್ತು ಕೂತು ಬರುತ್ತಿದ್ದಳು.

"ರೀ, ಅವರನ್ನ ಒಂದ್ಸಲ ಕೂರಿಸಿ ಯಾರು ಏನು ಅಂತ ಕೇಳಬಾರದಾ?" ಎಂದಳು ಆ ದಿನ ಊಟಕ್ಕೆ ಬಡಿಸುತ್ತಾ. "ನಿನ್ನೆ ಬಾವಿ ಹತ್ರ ಸಿಕ್ಕಿದ್ರು. ನಮ್ಮಮ್ಮ ಹಣ್ಣು ಹೇಗೆ ಒಣಗಿಸ್ತಿದ್ರು ಅಂತ ಕೇಳಿ ಬರ್ಕೊಂಡ್ರು. ನೀವ್ಯಾರು ಅಂತ ನಾನು ಕೇಳೋ ಅಷ್ಟರಲ್ಲಿ ನಿಮ್ಮ ಟೈಲರ್ ಕಲ್ಲು ಬೀಸಿದ."

"ಬಾಯಿ ಬಿಡಿಸೋ ಉಪಾಯ ಅದು. ನಿನಗೆ ಗೊತ್ತಾಗಲ್ಲ."

ಅವರ ಬಳಿ ಸಾಕ್ಷಿಯೂ ಇತ್ತು. ಬಿಲ್ಡರ್ ಕಾರು ನಿಲ್ಲಿಸಿ, ನಗುತ್ತಾ, ಆ ಮನುಷ್ಯನತ್ತ ದಪ್ಪ ಕವರೊಂದನ್ನು ಚಾಚಿದ್ದನ್ನು ಟೈಲರ್ ಕಣ್ಣಾರೆ ಕಂಡಿದ್ದ. ಮುಂದೇನಾಯಿತೆಂದು ನೋಡಲು ಅವನು ನಿಂತಿರಲಿಲ್ಲ. ಸುದ್ದಿ ಮುಟ್ಟಿಸುವ ಅವಸರ.

ಮರುದಿನ ಬೆಳಿಗ್ಗೆ ನಲವತ್ತು ಜನ ಸೇರಿ ಅವನನ್ನು ಉಗ್ರಾಣದ ಗೋಡೆಗೆ ಒತ್ತರಿಸಿದರು.

"ಸಾರ್, ನಾನು ಬಂದಿರೋದು..."

"ಮರ ಎಣಿಸೋಕೆ. ಹೌದೋ ಅಲ್ವೋ?"

"ಹೌದು ಸಾರ್. ಎಣಿಸದೆ ಮುಂದಿನ ಕೆಲಸ ಆಗಲ್ಲ."

"ಕೇಳಿಸ್ಕೊಂಡ್ರಾ, ಬಾಯಾರೆ ಒಪ್ಕೊಂಡ," ಎಂದು ಹೆಡ್‌ಮಾಸ್ಟರು ಜನರತ್ತ ತಿರುಗಿದರು.

"ಗುರುವಾರದೊಳಗೆ ನನ್ನ ವರದಿ ಹೋಗ್ಬೇಕು. ತಪ್ಪಿದ್ರೆ ಈ ತೋಟದ ಗತಿ..."

"ತೋಟದ ಗತಿ ನಾವು ನೋಡ್ಕೋತೀವಿ."

ಅವನು ಜೇಬಿಗೆ ಕೈ ಹಾಕಿದ. ದುಡ್ಡು ತೆಗೆಯುತ್ತಿದ್ದಾನೆಂದು ಟೈಲರ್ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಯಾರೋ ಚೀಲ ಕಿತ್ತರು. ಪುಸ್ತಕ ಬಾವಿಗೆ ಬಿತ್ತು, ಹಿಂದೆಯೇ ಬಣ್ಣದ ಡಬ್ಬಿ. ನೂಕಾಟದಲ್ಲಿ ಬಿದ್ದ ಕನ್ನಡಕವನ್ನು ಅವನು ಕೆಸರಿನಿಂದ ಎತ್ತಿ ಅಂಗಿಯ ಅಂಚಿನಲ್ಲಿ ಒರೆಸಿಕೊಂಡ. ಯಾರ ಮುಖವನ್ನೂ ನೋಡಲಿಲ್ಲ. ಮರಗಳನ್ನು ಒಮ್ಮೆ ನೋಡಿ ಹೊರಟುಹೋದ.

ಸಮಿತಿಯವರು ಸಂಜೆಯವರೆಗೂ ಸೀಮೆಎಣ್ಣೆ ಹಚ್ಚಿ, ಮರಮರಕ್ಕೂ ಉಜ್ಜಿ ಕೆಂಪು ನಂಬರು ಅಳಿಸಿದರು. ಆಮೇಲೂ ಆ ಮನುಷ್ಯ ಎರಡು ಸಲ ಬಂದ. ಎರಡು ಸಲವೂ ಗೇಟಿಗೆ ಸಮಿತಿಯ ಬೀಗ. ಗುರುವಾರ ಕಳೆಯಿತು. ಹೆಡ್‌ಮಾಸ್ಟರು ಊರೆಲ್ಲ ಎದೆಯುಬ್ಬಿಸಿಕೊಂಡು ಓಡಾಡಿದರು.

ಶುಕ್ರವಾರ ಇಲಾಖೆಯ ಸಭಾಂಗಣದಲ್ಲಿ ತೋಟದ ವಿಚಾರಣೆ. ಹೆಡ್‌ಮಾಸ್ಟರು ಹೊಸ ಅಂಗಿ ತೊಟ್ಟು, ಏಳು ಪುಟದ ಭಾಷಣ ಹಿಡಿದು ಮೊದಲ ಸಾಲಿನಲ್ಲಿ ಕೂತರು. ಪಕ್ಕದಲ್ಲಿ ಹೆಂಡತಿ. ಹಿಂದಿನ ಸಾಲಿನಿಂದ ಬಿಲ್ಡರ್ ಎದ್ದು ಬಂದು ಕೈಮುಗಿದ.

"ತುಂಬಾ ಶ್ರಮ ತಗೊಂಡ್ರಿ ಸಾರ್. ನಿಮ್ಮಂಥವರು ಊರಿಗೊಬ್ಬರು ಇರಬೇಕು."

ಸೋತವನ ಸೌಜನ್ಯ ಎಂದುಕೊಂಡು ಹೆಡ್‌ಮಾಸ್ಟರು ಗಂಭೀರವಾಗಿ ತಲೆಯಾಡಿಸಿದರು.

ಅಷ್ಟರಲ್ಲಿ ಅಧಿಕಾರಿ ಬಂದರು. ಅವರ ಹಿಂದೆಯೇ ಆ ಮನುಷ್ಯನೂ ಬಂದು ಪಕ್ಕದ ಕುರ್ಚಿಯಲ್ಲಿ ಕೂತ.

"ನೋಡಿದ್ಯಾ? ಇಲಾಖೆಯನ್ನೂ ಕೊಂಡ್ಕೊಂಡಿದಾರೆ," ಎಂದು ಹೆಡ್‌ಮಾಸ್ಟರು ಹೆಂಡತಿಯತ್ತ ಬಗ್ಗಿದರು. ಆಕೆಯ ಕಣ್ಣು ಆ ಮನುಷ್ಯನ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯ ಮೇಲಿತ್ತು.

ಅಧಿಕಾರಿ ಕಡತ ಬಿಚ್ಚಿದರು. "ಈ ತೋಟ ಉಳಿಸಿಕೊಡಿ ಅಂತ ನಮಗೆ ಹನ್ನೊಂದು ಅರ್ಜಿ ಬಂದಿದ್ವು. ಉಳಿಸಬೇಕಾದ ಮರಗಳಿಗೆ ನಂಬರು ಹಾಕಿ ಪಟ್ಟಿ ತರೋಕೆ ನಮ್ಮ ಸಮೀಕ್ಷಕರನ್ನ ಕಳಿಸಿದ್ವಿ. ಗಡುವು ನಿನ್ನೆಗೆ ಮುಗೀತು. ಪಟ್ಟಿ ಬಂದಿಲ್ಲ. ಬಂದಿರೋ ವರದಿ ಒಂದೇ ಸಾಲಿಂದು, ಓದ್ತೀನಿ."

ಹೆಂಡತಿ ಎದ್ದು, ಯಾರತ್ತಲೂ ನೋಡದೆ ಬಾಗಿಲ ಕಡೆ ನಡೆದಳು. ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಓದಿದರು:

"ನಿವೃತ್ತ ಹೆಡ್‌ಮಾಸ್ಟರೊಬ್ಬರ ಮುಂದಾಳತ್ವದಲ್ಲಿ, ತೋಟವನ್ನು ಉಳಿಸುವುದಕ್ಕೆ ಊರಿನವರು ಒಮ್ಮತದಿಂದ ವಿರೋಧ ವ್ಯಕ್ತಪಡಿಸಿರುತ್ತಾರೆ."