ಎರಡನೆಯ ಸಹಿ

ಆರೋಗ್ಯ ಪತ್ರಿಕೆಯನ್ನು ಕಣ್ಣುಮುಚ್ಚಿ ನಂಬುವ ನೀವು, ಅದರ ಸಂಪಾದಕರು ಮೊದಲು ಯಾರ ಬಳಿ ದುಡಿದಿದ್ದರೆಂದು ಎಂದಾದರೂ ವಿಚಾರಿಸಿದ್ದೀರಾ?

ಆ ಪತ್ರಿಕೆಗೆ ಮೂವರು ಸಂಪಾದಕರು. ಬರೆದವರ ಹೆಸರನ್ನು ಮುಚ್ಚಿಟ್ಟೇ ಲೇಖನವನ್ನು ಅವರ ಮುಂದಿಡುತ್ತಿದ್ದರು. ಇಬ್ಬರು ಸಹಿ ಹಾಕಿದರೆ ಅದು ಅಚ್ಚಿಗೆ ಹೋಗುತ್ತಿತ್ತು. ಆದರೆ ಬರೆದವರು ಯಾರೆಂದು ಬಲ್ಲವರು ಸಹಿ ಹಾಕುವಂತಿರಲಿಲ್ಲ. ಹೊಗೆಸೊಪ್ಪಿನ ಕಾರ್ಖಾನೆಯ ಹೆಂಗಸರ ಶ್ವಾಸಕೋಶದ ಕಾಯಿಲೆಯನ್ನು ಕುರಿತ ಲೇಖನಕ್ಕೆ ಒಂದು ಸಹಿ ಬಿದ್ದಿತ್ತು. ಹಿರಿಯರಾದ ಡಾಕ್ಟರ್ ಚನ್ನವೀರಪ್ಪ ಕಾರಣ ಹೇಳದೆ ಹಿಂದೆ ಸರಿದಿದ್ದರು. ಉಳಿದವಳು, ನರ್ಸ್ ಕೆಲಸದಿಂದ ನಿವೃತ್ತಳಾದ ನೀಲಾಂಬಿಕೆ. ಸಹಿ ಹಾಕಲು ಅಂದೇ ಕೊನೆಯ ದಿನ.

"ಪತ್ರಿಕೇಲಿ ಅಚ್ಚಾಗಿರೋ ನಿಮ್ಮ ಪರಿಚಯದಲ್ಲಿ ಎಂಟು ವರ್ಷ ಕಾಣ್ತಾನೇ ಇಲ್ಲವಲ್ಲ ಸಾರ್? ಅದೇ ಕಾರ್ಖಾನೆ ಡಾಕ್ಟರಾಗಿದ್ರಂತೆ. ಉಪ್ಪಿನ ಋಣವೋ?" ಎಂದಳು ನೀಲಾಂಬಿಕೆ.

"ಮೊದಲು ಸಹಿ ಹಾಕಿ ಸಿಸ್ಟರ್. ಆಮೇಲೆ ಹೇಳ್ತೀನಿ."

"ಮೂವತ್ತು ವರ್ಷ ಡಾಕ್ಟರುಗಳ 'ಆಮೇಲೆ' ಕೇಳಿದೀನಿ. ಈಗಲೇ ಹೇಳಿ, ಇಲ್ಲಾಂದ್ರೆ ಪೆನ್ನು ಮುಟ್ಟಲ್ಲ."

"ಹಠ ಬೇಡ. ಕೈ ಮುಗೀತೀನಿ."

ನೀಲಾಂಬಿಕೆಯ ಮೈಯೆಲ್ಲ ಉರಿಯಿತು. ಆ ಹೆಂಗಸರು ಉಸಿರಿಗಾಗಿ ಒದ್ದಾಡಿದ್ದನ್ನು ಅವಳು ವಾರ್ಡಿನಲ್ಲಿ ಕಣ್ಣಾರೆ ಕಂಡವಳು. ಲೇಖನವನ್ನು ಮಡಚಿಟ್ಟು ಬಾಗಿಲಿನತ್ತ ನಡೆದೇಬಿಟ್ಟಳು.

"ನಿಲ್ಲಿ ಸಿಸ್ಟರ್," ಎಂದರು ಚನ್ನವೀರಪ್ಪ, ಕುರ್ಚಿ ಬಿಟ್ಟು ಏಳುತ್ತ. "ಅದನ್ನ ಬರೆದವನೇ ನಾನು. ಆ ಎಂಟು ವರ್ಷ ಪರಿಚಯದಲ್ಲಿ ಹಾಕಿದ್ರೆ ಬರೆದವರು ಯಾರಂತ ನಿಮಗೆ ಗೊತ್ತಾಗಿಬಿಡ್ತಿತ್ತು."

ನೀಲಾಂಬಿಕೆಯ ಸಹಿ ಇನ್ನು ನಡೆಯದು. ಓದುಗರೇ, ವಿಷಯ ತಿಳಿದ ನಿಮ್ಮದೂ ನಡೆಯದು. ಈ ಕಥೆಯನ್ನು ಓದದ ಯಾರನ್ನಾದರೂ ಇಂದೇ ಕಳುಹಿಸಿಕೊಡಿ.