ಮುಚ್ಚಿದ ನದಿಯ ಮೀನು

"ಮೀನು ಎಲ್ಲಿ?" ಎಂದು ಕೇಳುತ್ತಲೇ ನದಿ ಕಾವಲುಗಾರ ದರ್ಜಿಯ ಮನೆಯೊಳಗೆ ಬಂದ. ಹಿಂದೆಯೇ ಪಕ್ಕದ ಮನೆಯವರು ಬಂದರು. ಅವರು ಗಾಳ ಹಾಕುವವರ ಸಂಘದ ಕಾರ್ಯದರ್ಶಿ. ದೂರು ಕೊಟ್ಟವರು ಯಾರೆಂದು ಬೇರೆ ಹೇಳಬೇಕಾಗಿರಲಿಲ್ಲ.

ದರ್ಜಿ ಬಾಯಿ ತೆರೆಯುವ ಮೊದಲೇ ಕಾವಲುಗಾರನ ಕಣ್ಣು ಅಡುಗೆಮನೆಗೆ ಹೋಯಿತು. ತೊಟ್ಟಿಯಲ್ಲಿ ಎರಡು ಮೀನು ಬಿದ್ದಿದ್ದವು. ಕಿವಿರಿಗೆ ಜೊಂಡಿನ ದಾರ ಪೋಣಿಸಿತ್ತು, ಥೇಟ್ ಈಗಷ್ಟೇ ದಡದಿಂದ ತಂದ ಹಾಗೆ. ಪಕ್ಕದಲ್ಲಿ ದರ್ಜಿಯ ತಾಯಿ ಕತ್ತಿ ಮಸೆಯುತ್ತಿದ್ದರು.

"ನಿನ್ನೆ ಸಂಜೆಯಿಂದ ನದಿ ಮುಚ್ಚಿದೆ," ಎಂದ ಕಾವಲುಗಾರ. "ನೀರು ಮೊಣಕಾಲಿಗೂ ಇಲ್ಲ. ಇರೋಬರೋ ಮೀನೆಲ್ಲ ಮೊಟ್ಟೆ ಇಡೋಕೆ ಸೇತುವೆ ಕೆಳಗೆ ಸೇರಿವೆ. ಎಲೆ ಪೂರ್ತಿ ಉದುರೋವರೆಗೂ ಯಾರೂ ಗಾಳ ಹಾಕೋ ಹಾಗಿಲ್ಲ. ಸೇತುವೆ ಹತ್ರ ಬೋರ್ಡ್ ನೋಡಲಿಲ್ವಾ?"

ದರ್ಜಿ ನೋಡಿರಲಿಲ್ಲ. ಆರು ವರ್ಷಗಳಲ್ಲಿ ಅವನು ಸೇತುವೆಯ ಕಡೆ ಹೋಗದೆ ಇದ್ದ ಭಾನುವಾರ ಇದೊಂದೇ. ಚಳಿಗಾಳಿಗೆ ಸೋಮಾರಿತನ ಬಂದು, ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಹೊತ್ತು ಕಳೆದು, ನಿಲ್ದಾಣದ ಹಿಂದಿನ ಮೀನಂಗಡಿಗೆ ನೇರವಾಗಿ ಹೋಗಿದ್ದ.

ಆ ನದಿಗೆ ಗಾಳ ಹಾಕುವವರಲ್ಲಿ ಅವನ ತಂದೆಯದು ದೊಡ್ಡ ಹೆಸರು. ಸಂಘದ ಕೋಣೆಯಲ್ಲಿ ಅವರ ಫೋಟೋ ಇದೆ. ಮಾತಾಡಿದರೆ ಮೀನು ಓಡುತ್ತದೆಂದು ಯಾರನ್ನೂ ಜೊತೆಗೆ ಕರೆಯುತ್ತಿರಲಿಲ್ಲ, ಮಗನನ್ನೂ. ನದಿ ಉಕ್ಕಲಿ, ಬತ್ತಲಿ, ಅವರು ಬರಿಗೈಯಲ್ಲಿ ಮನೆಗೆ ಬಂದ ಭಾನುವಾರವೇ ಇಲ್ಲ.

ಅವರು ತೀರಿಹೋದ ಮೇಲೆ ಗಾಳದ ಕೋಲು ಮಗನ ಕೈಗೆ ಬಂತು. ಕತ್ತಲಲ್ಲೂ ಸೂಜಿಗೆ ದಾರ ಪೋಣಿಸುವ ಕೈ ಅದು, ಆದರೆ ಗಾಳ ಮಾತ್ರ ಒಲಿಯಲಿಲ್ಲ. ನಾಲ್ಕು ವಾರ ಖಾಲಿ ಚೀಲ. ನಾಲ್ಕನೆಯ ವಾರ ತಾಯಿ ಚೀಲದೊಳಗೆ ಇಣುಕಿ, "ಇರಲಿ ಬಿಡು," ಅಂದರು. ಆ "ಇರಲಿ ಬಿಡು" ಅವನನ್ನು ವಾರವಿಡೀ ಚುಚ್ಚಿತು. ಐದನೆಯ ಭಾನುವಾರ ಮೀನಂಗಡಿಯ ಮುಂದೆ ತಲೆ ತಗ್ಗಿಸಿ ನಿಂತ. ಅಂಗಡಿಯ ಮುದುಕ ಅವನ ಕೈಯಲ್ಲಿದ್ದ ಕೋಲು ನೋಡಿದ, ಮುಖ ನೋಡಿದ. ಎರಡು ಮೀನು ಆರಿಸಿ, ಹೊಟ್ಟೆ ಸೀಳದೆ, ಮಂಜುಗಡ್ಡೆಯ ಚೂರೆಲ್ಲ ತೊಳೆದು, ಜೊಂಡಿನಲ್ಲಿ ಪೋಣಿಸಿ ಕೊಟ್ಟ. "ಹೀಗಿದ್ರೆ ಸರಿ," ಅಂದ.

ಅಂದಿನಿಂದ ಇದೇ ನಡೆದಿತ್ತು. ಸೇತುವೆಯ ಬೋರ್ಡಿನಲ್ಲಿ ನೀರು ಎಷ್ಟಿದೆ, ತಿಳಿಯೋ ಬಗ್ಗಡವೋ ಎಂದು ಓದಿಕೊಳ್ಳುವುದು, ಅದರ ಮೇಲೊಂದು ಕಥೆ ಕಟ್ಟಿಕೊಂಡು ಮನೆಗೆ ಬರುವುದು. ತಾಯಿ ಒಂದು ದಿನವೂ ಅಡ್ಡಪ್ರಶ್ನೆ ಕೇಳಿದವರಲ್ಲ. "ನಿಮ್ಮಪ್ಪ ತರ್ತಿದ್ದ ಮೀನಿನ ಹಾಗೇ ಇದೆ," ಅನ್ನುವರು. ಆಗೆಲ್ಲ ಅವನು ತಟ್ಟೆಯ ಮೇಲೆ ಬಗ್ಗಿ ಮುಳ್ಳು ಆರಿಸುತ್ತಿದ್ದ.

"ಈ ಜಾತಿ ಮೀನು ಕೊಳದಲ್ಲೂ ಸಾಕ್ತಾರೆ," ಎಂದ ಕಾವಲುಗಾರ. "ಅಂಗಡೀಲಿ ತಂದಿದ್ರೆ ರಸೀದಿ ತೋರಿಸು. ನಾನು ಬಂದ ದಾರೀಲಿ ಹೋಗ್ತೀನಿ."

ಕಾರ್ಯದರ್ಶಿ ನಕ್ಕುಬಿಟ್ಟರು. "ಯಾರ ಮನೇಲಿ ನಿಂತು ಏನು ಕೇಳ್ತಿದೀಯಪ್ಪ! ಅವರ ಮಗ ತಪ್ಪು ಮಾಡಬಹುದು. ಆದರೆ ಅಂಗಡಿ ಮೀನು ತರೋ ಅಷ್ಟು ಕೀಳಲ್ಲ."

ರಸೀದಿ ಅಂಗಿಯ ಜೇಬಿನಲ್ಲೇ ಇತ್ತು. ತೆಗೆದರೆ ಅವನು ಕಳ್ಳನಲ್ಲ. ಆದರೆ ಆರು ವರ್ಷ ಹೆತ್ತತಾಯಿಯ ಕಿವಿಗೆ ಹೂವಿಟ್ಟ ಮಗ. ಅಡುಗೆಮನೆಯಲ್ಲಿ ಕತ್ತಿ ಮಸೆಯುವ ಸದ್ದು ನಿಂತಿತ್ತು.

"ನಾನೇ ಹಿಡಿದದ್ದು," ಎಂದ.

ಕಾವಲುಗಾರ ಬರೆದುಕೊಂಡ. ಕೋಲು ಜಪ್ತಿ. ಎರಡು ವರ್ಷ ಪರವಾನಗಿ ರದ್ದು. ಹೆಸರು ಸೇತುವೆಯ ಬೋರ್ಡಿಗೆ.

"ತಂದೆ ಹೆಸರೂ ಹಾಕ್ತಾರಲ್ಲ ಅದರಲ್ಲಿ," ಎಂದು ಕಾರ್ಯದರ್ಶಿ ಗೊಣಗಿದರು. ಅವರಿಗೂ ಈಗ ಸಂಕಟ. "ಆ ಫೋಟೋ ಇನ್ನು ಗೋಡೆ ಮೇಲೆ ಇಡೋದು ಹೇಗೆ?"

ದರ್ಜಿಯ ಕಿವಿ ಕೆಂಪಾಯಿತು. ಆದರೂ ಸಹಿ ಹಾಕಲು ಬಗ್ಗಿದ. ಆಗ ಒದ್ದೆ ಕೈಯೊಂದು ಅವನ ಜೇಬಿಗೆ ಇಳಿದು, ಮಡಚಿದ ಚೀಟಿಯನ್ನು ಎಳೆದು ಕಾವಲುಗಾರನ ಮುಂದೆ ಹಿಡಿಯಿತು.

"ಓದಿಕೊಳ್ಳಪ್ಪ," ಎಂದರು ತಾಯಿ.

ಕಾವಲುಗಾರ ಓದಿದ. ಬರೆದ ಹಾಳೆ ಹರಿದು, ಕೋಲನ್ನು ಗೋಡೆಗೆ ಒರಗಿಸಿ ಹೊರಟುಹೋದ. ಕಾರ್ಯದರ್ಶಿ ಚೀಟಿ ನೋಡಿದರು, ಮೀನು ನೋಡಿದರು, ದರ್ಜಿಯನ್ನು ಮೇಲಿಂದ ಕೆಳಗೆ ನೋಡಿದರು. "ಎಂಥಾ ಅಪ್ಪನಿಗೆ ಎಂಥಾ ಮಗ!" ಎಂದು ಬಾಗಿಲು ಎಳೆದುಕೊಂಡು ಹೋದರು. ಕಳ್ಳ ಅಂದಿದ್ದರೂ ಅಷ್ಟು ನಾಟುತ್ತಿರಲಿಲ್ಲ.

ತಾಯಿ ತೊಟ್ಟಿಯ ಬಳಿ ಕೂತು ಮೀನಿನ ಹುರುಪೆ ಹೆರೆಯತೊಡಗಿದರು.

"ಯಾವಾಗಿಂದ ಗೊತ್ತು?" ಅವನ ದನಿ ಅವನಿಗೇ ಕೇಳಿಸಲಿಲ್ಲ.

"ನೀನು ಮೀನು ತಂದ ಮೊದಲನೇ ವಾರದಿಂದ. ನಿನ್ನ ಅಂಗಿ ಒಗೆಯೋಳು ನಾನೇ ಅಲ್ವಾ?"

"ಮತ್ತೆ ಯಾಕೆ ಸುಮ್ಮನಿದ್ದೆ?"

"ಅಷ್ಟು ಚೆನ್ನಾಗಿ ಕಥೆ ಹೇಳ್ತಿದ್ದೆ. ಯಾಕೆ ಕೆಡಿಸಲಿ?"

ಅವನು ಅಲ್ಲೇ ನೆಲದ ಮೇಲೆ ಕುಸಿದ. "ಅಪ್ಪನ ಮರ್ಯಾದೆ ಮಣ್ಣುಪಾಲು ಮಾಡಿದೆ ಅಮ್ಮಾ. ಅವರಿದ್ದಿದ್ರೆ ನನ್ನ ಮುಖಾನೂ ನೋಡ್ತಿರಲಿಲ್ಲ."

ತಾಯಿಯ ಕೈ ನಿಂತಿತು. ಎದ್ದು ಹೋಗಿ, ಮುಂಬಾಗಿಲಿನ ಚಿಲಕ ಹಾಕಿ ಬಂದರು. ಕಿಟಕಿಯಾಚೆ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದರು.

"ನಿಮ್ಮಪ್ಪನಿಗೆ ಆ ಅಂಗಡಿ ತೋರಿಸಿಕೊಟ್ಟವಳೇ ನಾನು ಕಣೋ."