ತಗಡಿನ ಮೇಲೆ ಕೂತದ್ದು

“ಬೆಳಿಗ್ಗೆ ಇದ್ದ ಕಾಂತಶಕ್ತಿ ಮಧ್ಯಾಹ್ನದ ಹೊತ್ತಿಗೆ ಎಲ್ಲಿ ಹೋಗತ್ತೆ?”

ಕಿರಿಯವಳು ಯಾರನ್ನೂ ಕೇಳಿದ್ದಲ್ಲ. ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಪೆಟ್ಟಿಗೆಯ ಗಾಜಿನ ಕಿಂಡಿಗೆ ಹಣೆಯೊತ್ತಿ ತನ್ನಷ್ಟಕ್ಕೆ ಅಂದಳು. ಒಳಗೆ ಉಗುರಿನಷ್ಟಗಲ ನಿಕಲ್ ತಗಡು. ಅದರ ಮೇಲ್ಮೈಯ ಕಾಂತಶಕ್ತಿ ಅಳೆಯುವುದು ಅವಳ ಸಂಶೋಧನೆ.

ಪ್ರಯೋಗಾಲಯದ ಹಿಂದಿನ ಮೇಜಿನಲ್ಲಿದ್ದ ಹಿರಿಯವಳಿಗೆ ಉತ್ತರ ಗೊತ್ತಿತ್ತು. ಎಷ್ಟೇ ಹೀರಿದರೂ ಪೆಟ್ಟಿಗೆಯಲ್ಲಿ ಒಂದಿಷ್ಟು ಹೈಡ್ರೋಜನ್ ಉಳಿದೇ ಉಳಿಯುತ್ತದೆ. ಅದು ಸದ್ದಿಲ್ಲದೆ ಬಂದು ಶುಚಿಯಾದ ಲೋಹದ ಮೈಮೇಲೆ ಕೂರುತ್ತದೆ. ಕೂತ ಕಡೆ ಕಾಂತಶಕ್ತಿ ಸೊರಗುತ್ತದೆ. ಅಳೆಯುವ ಮುನ್ನ ತಗಡನ್ನೊಮ್ಮೆ ಕಾಯಿಸಿದರೆ ಸಾಕು, ಎದ್ದು ಹೋಗುತ್ತದೆ. ಇಷ್ಟು ತಿಳಿಯಲು ಅವಳು ಎರಡು ವರ್ಷ ಸವೆಸಿದ್ದಳು, ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಹಿಂದಿನ ದಿನವಷ್ಟೇ ಪ್ರೊಫೆಸರು ಎಲ್ಲರೆದುರು, ಈ ಹುಡುಗಿಯ ಕೈ ಹೇಳಿದಂತೆ ಲೋಹವೂ ಕೇಳುತ್ತದೆ ಎಂದಿದ್ದರು. ಒಂಬತ್ತು ವರ್ಷದಲ್ಲಿ ತನ್ನ ಕೈಯನ್ನು ಅವರು ಕಣ್ಣೆತ್ತಿ ನೋಡಿದ್ದುಂಟೆ? ಇರಲಿ, ಲೋಹವನ್ನೇ ಕೇಳಿಕೊಳ್ಳಲಿ.

ಹನ್ನೊಂದು ದಿನ ಕಿರಿಯವಳು ತಂತಿ ಬದಲಿಸಿದಳು, ಮೀಟರು ಬದಲಿಸಿದಳು, ಕೊನೆಗೆ ತನ್ನನ್ನೇ ಬೈದುಕೊಂಡಳು. ಹಿರಿಯವಳು ಚಹಾ ಬಗ್ಗಿಸಿಕೊಟ್ಟು, ಇದೆಲ್ಲ ಇದ್ದದ್ದೇ ಎಂದು ಬೆನ್ನು ತಟ್ಟಿದಳು. ಹೊಟ್ಟೆಯೊಳಗಿನ ಕಿಚ್ಚಿಗೆ ತುಸು ತಂಪೆನಿಸುತ್ತಿತ್ತು. ಸಂಜೆ ಪ್ರಾರ್ಥನೆಗೆ ಕೂತಾಗ ಮಾತ್ರ, ಬಾಯಿಪಾಠವಾಗಿದ್ದ ಪದ್ಯ ಅರ್ಧಕ್ಕೇ ನಿಂತುಹೋಗುತ್ತಿತ್ತು.

ಹನ್ನೆರಡನೆಯ ದಿನ ಮಧ್ಯಾಹ್ನ ಕಿರಿಯವಳು ದೀಪದ್ದೆಂದುಕೊಂಡು ತಗಡು ಕಾಯಿಸುವ ಸ್ವಿಚ್ ಒತ್ತಿಬಿಟ್ಟಳು. ಪೆಟ್ಟಿಗೆಯೊಳಗಿನ ಒತ್ತಡ ತೋರಿಸುವ ಮುಳ್ಳು ಚಂಗನೆ ಏರಿ ಇಳಿಯಿತು. ಅಳೆದರೆ ಕಾಂತಶಕ್ತಿ ಬೆಳಗಿನಷ್ಟೇ ಇತ್ತು. ಕಾರಣ ಹಿಡಿಯಲು ಅವಳಿಗೆ ಒಂದೇ ಗಂಟೆ ಸಾಕಾಯಿತು. ಕೇಳಿ ಪ್ರೊಫೆಸರು ಕುರ್ಚಿಯಿಂದ ಎದ್ದೇ ನಿಂತರಂತೆ.

ಮರುದಿನ ಹಳೆಯ ಅಳತೆಗಳಿಗಾಗಿ ಕಪಾಟು ತಡಕಿದ ಕಿರಿಯವಳು ಒಂದು ನೋಟ್‌ಬುಕ್ ಹಿಡಿದು ಓಡಿಬಂದಳು. ಹಿರಿಯವಳದೇ ಅಕ್ಷರ, ಐದು ವರ್ಷ ಹಿಂದಿನ ತಾರೀಖು: ‘ಹೈಡ್ರೋಜನ್ ಕೂತಿರುತ್ತದೆ. ಅಳೆಯುವ ಮುನ್ನ ಕಾಯಿಸು.’

“ಅಕ್ಕಾ, ನೀವು ಆಗ್ಲೇ ಕಂಡ್ಕೊಂಡಿದ್ರಿ. ಪಾಪ, ಮರ್ತೇಬಿಟ್ಟಿದೀರ.” ಅವಳ ಮುಖದಲ್ಲಿ ಸಂಶಯದ ಎಳೆಯೂ ಇರಲಿಲ್ಲ. “ಲೇಖನದಲ್ಲಿ ನಿಮ್ಮ ಹೆಸರೇ ಮೊದಲು ಹಾಕ್ತೀನಿ. ಬೇಡ ಅನ್ಬೇಡಿ.”

ಹಿರಿಯವಳು ಆ ಸಾಲಿನ ಮೇಲಿದ್ದ ಕಿರಿಯವಳ ಬೆರಳನ್ನು ನೋಡಿದಳು. ತುದಿಯಲ್ಲಿ ತಂತಿ ಬೆಸೆಯುವಾಗ ಸುಟ್ಟುಕೊಂಡ ಗಾಯ ಇನ್ನೂ ಹಸಿಯಾಗಿತ್ತು.

“ಹಾಕ್ಬೇಡ,” ಎಂದಳು. “ನಾನು ಮರ್ತಿರ್ಲಿಲ್ಲ.”